ಬಯಲಿಗೆ ಹೊರಟ ಮಗಳಿಗೆ

ಬಾಗಲಕೋಟೆ
ನವೆಂಬರ್ ಕೊನೆಯ ವಾರ

ಚಿ. ಮಗಳಿಗೆ ಅವ್ವನ ಆಶೀರ್ವಾದಗಳು.

ಬಾದಾಮಿಯ ಗೈಡ್ಸ್ ಕ್ಯಾಂಪಿಗೆ ಹೆಸರು ಬಂತು ಅಂತ ಖುಷಿಯಿಂದ ಹೇಳಿದವಳು, ಮರುಗಳಿಗೆಗೇ "ಡೇರೆದಾಗ ಮಲಗಬೇಕಂತ, ಹಾವು ಚೇಳು ಬಂದ್ರ ಏನ್ ಮಾಡೋದವ್ವಾ" ಅಂತ ಕೇಳಿದೆ. ಹಾಸ್ಟೆಲ್ಲಿನ ಐದು ನಿಮಿಷದ ಫೋನಿನಲ್ಲಿ ಮುಗಿಯುವ ಮಾತಲ್ಲ ಅದು. ಅದಕ್ಕೇ ಬರೆಯುತ್ತಿದ್ದೇನೆ. ಓದಿ ಎತ್ತಿಡು, ನಿಮ್ಮ ಪ್ಯಾಟ್ರೋಲಿನ, ಅಂದರೆ ತಂಡದ, ಉಳಿದ ಏಳು ಹುಡುಗಿಯರಿಗೂ ಓದಿಸು.

ಬಯಲು ಚಂದ ಕಾಣುವುದು ಹೊಟ್ಟೆ ತುಂಬಿದವರಿಗೆ, ಕಾಲು ನೋಯದವರಿಗೆ, ರಾತ್ರಿ ಬೆನ್ನು ಬೆಚ್ಚಗಿದ್ದವರಿಗೆ. ಹಿಮ್ಮಡಿಯಲ್ಲಿ ಗುಳ್ಳೆ ಎದ್ದವಳಿಗೆ ಬಾದಾಮಿಯ ಅಗಸ್ತ್ಯ ತೀರ್ಥದ ಕೆರೆ ತೋರಿಸಿದರೂ ಅವಳು ನೋಡುವುದು ಕೂಡಲು ಕಟ್ಟೆ ಎಲ್ಲಿದೆ ಅಂತ. ನಿಸರ್ಗ ಪ್ರೇಮದ ಭಾಷಣ ಶಾಲೆಯಲ್ಲಿ ಬೇಕಾದಷ್ಟು ಕೇಳಿರುತ್ತೀ. ನಾನು ಬೂಟಿನಿಂದ ಶುರು ಮಾಡುತ್ತೇನೆ.

ಹೊಸ ಬೂಟು ಹಾಕಿಕೊಂಡು ಕ್ಯಾಂಪಿಗೆ ಹೋಗಬೇಡ. ಕೊಂಡದ್ದೇ ಆದರೆ ಎರಡು ವಾರ ದಿನಾ ಒಂದೆರಡು ತಾಸು ಹಾಕಿ ಅಡ್ಡಾಡು. ಅಷ್ಟು ದಿನ ಇಲ್ಲವೆಂದರೆ ಹಳೆಯ ಪಿ.ಟಿ. ಶೂನೇ ಚಲೋ. ಸಂಜೆಗೆ ಕಾಲು ತುಸು ಊದಿರುತ್ತದೆ, ಆದ್ದರಿಂದ ಅಳತೆ ನೋಡುವುದು ಸಂಜೆಯೇ. ಹೆಬ್ಬೆರಳ ಮುಂದೆ ಒಂದು ಬೆರಳಿನಷ್ಟು ಜಾಗ ಉಳಿಯಬೇಕು, ಇಲ್ಲದಿದ್ದರೆ ಗುಡ್ಡ ಇಳಿಯುವಾಗ ಉಗುರು ಬಡಿದು ಕಪ್ಪಾಗುತ್ತದೆ. ಗುಳ್ಳೆ ಏಳುವುದು ಒದ್ದೆ ಕಾಲ್ಚೀಲದಿಂದ: ಬೆವರಿಗೆ ಅದು ಚರ್ಮಕ್ಕೆ ಅಂಟುತ್ತದೆ, ಬೂಟು ಅದನ್ನು ಎಳೆಯುತ್ತದೆ, ಚರ್ಮದ ಪದರು ಬಿಡುತ್ತದೆ. ಮೂರು ಜೊತೆ ಕಾಲ್ಚೀಲ ಒಯ್ಯಿ. ಮಧ್ಯಾಹ್ನ ಬುತ್ತಿ ಬಿಚ್ಚಿದಾಗ ಬೂಟು ಬಿಚ್ಚಿ ಚೀಲ ಬದಲಿಸು, ಒದ್ದೆಯದನ್ನು ಬ್ಯಾಗಿನ ಹೊರಗೆ ಕಟ್ಟು. ಹಿಮ್ಮಡಿ ಉರಿಯಲು ಶುರುವಾದ ಕೂಡಲೇ ನಿಂತು ಅಂಟುಪಟ್ಟಿ ಹಚ್ಚು. "ಇನ್ನೊಂದ್ ಸ್ವಲ್ಪ ದೂರ ಅದ" ಅಂತ ತಡೆದುಕೊಂಡೆಯೋ, ಮರುದಿನ ಡೇರೆ ಕಾಯುವ ಕೆಲಸ ನಿನ್ನದೇ. ಎದ್ದ ಗುಳ್ಳೆಯನ್ನು ಪಿನ್ನು ಚುಚ್ಚಿ ಒಡೆಯಬೇಡ. ಆ ಚರ್ಮವೇ ಅದಕ್ಕೆ ಪಟ್ಟಿ.

ಇನ್ನು ಹಗ್ಗ. ಗೈಡ್ಸ್‌ನ ಎರಡನೇ ಹಂತ, ದ್ವಿತೀಯ ಸೋಪಾನದ ಪರೀಕ್ಷೆಗೆಂದು ಗಂಟುಗಳನ್ನು ಬಾಯಿಪಾಠ ಮಾಡಿದ್ದೀ, ಗೊತ್ತು. ಕೈಗೆ ಬಂದಿದೆಯೋ ಇಲ್ಲವೋ ತಿಳಿಯುವುದು ಕತ್ತಲಲ್ಲಿ, ಒದ್ದೆ ಹಗ್ಗದಲ್ಲಿ, ಬೆನ್ನ ಹಿಂದೆ ಕೈ ಇಟ್ಟು ಕಟ್ಟಿದಾಗ. ಕಲಿಯಲು 3 ಮೀಟರ್ ಉದ್ದದ, ಕಿರುಬೆರಳು ದಪ್ಪದ ಹತ್ತಿ ಹಗ್ಗ ಇರಲಿ. ನೈಲಾನ್ ಜಾರುತ್ತದೆ, ಗಂಟಿನ ತಪ್ಪೋ ಹಗ್ಗದ ತಪ್ಪೋ ತಿಳಿಯುವುದಿಲ್ಲ. ಹಗ್ಗದ ತುದಿಗೆ ದಾರ ಬಿಗಿದು ಸುತ್ತು, ಇಲ್ಲದಿದ್ದರೆ ಎರಡೇ ದಿನಕ್ಕೆ ಎಳೆ ಬಿಚ್ಚಿ ಪೊರಕೆಯಾಗುತ್ತದೆ.

ರೀಫ್ ನಾಟ್ ಎಲ್ಲರಿಗೂ ಬರುತ್ತದೆ ಅಂದುಕೊಂಡಿರುತ್ತಾರೆ. ಎಡದ ತುದಿ ಬಲದ ಮೇಲೆ, ಆಮೇಲೆ ಬಲದ ತುದಿ ಎಡದ ಮೇಲೆ. ಎರಡು ಸಲವೂ ಒಂದೇ ಕಡೆಯಿಂದ ಹಾಕಿದರೆ ಅದು ಗ್ರ್ಯಾನಿ ಅನ್ನುವ ತಪ್ಪು ಗಂಟಾಗುತ್ತದೆ, ಎಳೆದರೆ ಜಾರುತ್ತದೆ. ನೋಡಿದರೇ ಗೊತ್ತಾಗುತ್ತದೆ: ಸರಿಯಾದ ರೀಫ್‌ನಲ್ಲಿ ತುದಿಗಳು ಹಗ್ಗದ ಜೊತೆ ಸಾಲಾಗಿ ಮಲಗಿರುತ್ತವೆ, ಗ್ರ್ಯಾನಿಯಲ್ಲಿ ಅಡ್ಡ ಚಾಚಿಕೊಂಡಿರುತ್ತವೆ. ಅದು ಬ್ಯಾಂಡೇಜಿಗೆ, ಪೊಟ್ಟಣಕ್ಕೆ ಸರಿ. ಭಾರ ಹೊರುವ ಎರಡು ಹಗ್ಗ ಜೋಡಿಸಲು ಅದನ್ನು ಎಂದೂ ಬಳಸಬೇಡ. ಒಂದು ತುದಿ ಜಗ್ಗಿದರೆ ಮಗುಚಿ ಬಿಚ್ಚಿಕೊಳ್ಳುತ್ತದೆ.

ಜೋಡಿಸಲು ಶೀಟ್ ಬೆಂಡ್. ಇದನ್ನು ಇಂಗ್ಲೆಂಡಿನಿಂದ ಕಲಿಯಬೇಕಿಲ್ಲ ನೋಡು. ಇಳಕಲ್ಲಿನಲ್ಲೋ ಗುಳೇದಗುಡ್ಡದಲ್ಲೋ ಮಗ್ಗದ ಮುಂದೆ ನಿಂತರೆ, ಹರಿದ ಎಳೆಯನ್ನು ನೇಕಾರರು ಕಣ್ಣು ಮಿಟುಕಿಸುವುದರೊಳಗೆ ಜೋಡಿಸುತ್ತಾರಲ್ಲ, ನೇಕಾರರ ಗಂಟೆಂದು ಹೆಸರಾದ ಆ ಗಂಟಿನ ಕಟ್ಟು ಇದೇ. ದಪ್ಪ ಹಗ್ಗವನ್ನು ಮಡಚಿ ಕುಣಿಕೆ ಮಾಡು. ತೆಳ್ಳನೆಯದನ್ನು ಕುಣಿಕೆಯ ಕೆಳಗಿನಿಂದ ಮೇಲೆ ತಂದು, ಎರಡೂ ಎಳೆಗಳ ಹಿಂದೆ ಸುತ್ತಿ, ತನ್ನದೇ ಅಡಿಯಲ್ಲಿ ತೂರಿಸು. ಎರಡೂ ಗಿಡ್ಡ ತುದಿಗಳು ಒಂದೇ ಪಕ್ಕಕ್ಕೆ ಬರಬೇಕು. ಹಗ್ಗಗಳ ದಪ್ಪದಲ್ಲಿ ಬಹಳ ಅಂತರವಿದ್ದರೆ ಹಿಂದೆ ಎರಡು ಸುತ್ತು ಹಾಕು.

ಬೋಲೈನ್ ಗಂಟು ಕಷ್ಟ ಅಂದಿದ್ದೆ. ಹೀಗೆ ನೆನಪಿಡು. ಉದ್ದನೆಯ ಹಗ್ಗದಲ್ಲಿ ಒಂದು ಸಣ್ಣ ಬಳೆ ಮಾಡು, ಅದು ಹುತ್ತ. ಹುತ್ತದಿಂದ ಮೇಲಕ್ಕೆ ಹೋಗುವ ಹಗ್ಗ ಮರ. ಕೈಯಲ್ಲಿರುವ ತುದಿ ಹಾವು. ಹಾವು ಹುತ್ತದಿಂದ ಮೇಲೆ ಬಂತು, ಮರದ ಹಿಂದಿನಿಂದ ಸುತ್ತಿತು, ಬಂದ ಹುತ್ತದಲ್ಲೇ ಇಳಿಯಿತು. ಬಿಗಿ. ತಪ್ಪುವುದು ಒಂದೇ ಕಡೆ: ಬಳೆ ಮಾಡುವಾಗ ಮರದ ಹಗ್ಗ ಅಡಿಗೆ ಇರಬೇಕು. ಅದು ಮೇಲೆ ಬಂದರೆ ಜಗ್ಗಿದ ಕೂಡಲೇ ಗಂಟು ಬಿಚ್ಚಿ ಕೈಗೆ ಬರುತ್ತದೆ. ತುದಿ ಒಂದು ಗೇಣು ಉಳಿಸು. ಈ ಕುಣಿಕೆ ಎಷ್ಟು ಜಗ್ಗಿದರೂ ಕಿರಿದಾಗುವುದಿಲ್ಲ, ಕೆಲಸ ಮುಗಿದ ಮೇಲೆ ಬಿಚ್ಚಲೂ ಸುಲಭ. ಬಾವಿಯಲ್ಲಿ ಬಿದ್ದವರ ಎದೆಗೆ ಹಾಕುವುದೂ ಇದನ್ನೇ.

ಕೋಲುಗಳನ್ನು ಅಡ್ಡಡ್ಡ ಕಟ್ಟಿ ಬೂಟಿನ ಸ್ಟ್ಯಾಂಡು, ತಾಟಿನ ಸ್ಟ್ಯಾಂಡು ಮಾಡಿಸುತ್ತಾರೆ. ನೆಟ್ಟಗಿರುವ ಕೋಲಿಗೆ, ಅಡ್ಡ ಕೋಲಿನ ಸ್ವಲ್ಪ ಕೆಳಗೆ ಕ್ಲೋವ್ ಹಿಚ್, ಅಂದರೆ ಕೋಲಿಗೆ ಹಗ್ಗ ಬಿಗಿಯುವ ಗಂಟು, ಹಾಕಿ ಶುರು ಮಾಡು. ಮೂರು ಸುತ್ತು ಚೌಕಾಕಾರವಾಗಿ ಸುತ್ತಿ, ಆಮೇಲೆ ಎರಡು ಕೋಲುಗಳ ನಡುವೆ ಹಗ್ಗದ ಮೇಲೆಯೇ ಎರಡು ಸುತ್ತು ಜಗ್ಗಿ ಬಿಗಿದು, ಅಡ್ಡ ಕೋಲಿಗೆ ಕ್ಲೋವ್ ಹಿಚ್‌ನಿಂದ ಮುಗಿಸು. ನಡುವಿನ ಆ ಎರಡು ಸುತ್ತೇ ಜೀವ. ಅದನ್ನು ಬಿಟ್ಟ ಪ್ಯಾಟ್ರೋಲಿನ ಸ್ಟ್ಯಾಂಡು ಊಟದ ಹೊತ್ತಿಗೆ ಸರಿಯಾಗಿ ತಾಟುಗಳ ಸಮೇತ ಕುಸಿಯುತ್ತದೆ. ಹಸಿ ಬಿದಿರಾದರೆ ಒಣಗಿ ಸಣ್ಣದಾಗುತ್ತದೆ, ಮರುದಿನ ಮತ್ತೆ ಬಿಗಿಯಬೇಕು.

ಡೇರೆಯ ಜಾಗ ಆರಿಸುವುದು ನಿಮ್ಮ ಕ್ಯಾಪ್ಟನ್ ಅಕ್ಕೋರು. ಆದರೂ ಕಾರಣ ನಿನಗೆ ಗೊತ್ತಿರಲಿ. ಒಣಗಿದ ಹಳ್ಳದ ಮರಳು ಮೆತ್ತಗಿರುತ್ತದೆ, ಚಂದ ಕಾಣುತ್ತದೆ. ಮೇಲೆಲ್ಲೋ ಮಳೆಯಾದರೆ ಇಲ್ಲಿ ಮೋಡವಿಲ್ಲದೆಯೂ ನೀರು ಬರುತ್ತದೆ. ಬಂಡೆಯ ಬುಡ ಬೇಡ, ಮೇಲಿನಿಂದ ಕೋತಿ ಕಾಲಿಟ್ಟ ಕಲ್ಲೂ ಉರುಳುತ್ತದೆ. ಜಾಲಿಯ ಕೆಳಗೆ ಮುಳ್ಳು. ಗೂಟವನ್ನು ನೆಟ್ಟಗೆ ಬಡಿಯಬೇಡ: ಅದರ ತಲೆ ಡೇರೆಯಿಂದ ಆಚೆಗೆ ಬಾಗಿರಬೇಕು, ಹಗ್ಗಕ್ಕೂ ಗೂಟಕ್ಕೂ ಕಾಟಕೋನ ಬರಬೇಕು. ನಮ್ಮ ಎರಿ ಭೂಮಿ ಬೇಸಿಗೆಯಲ್ಲಿ ಬಿರಿದು ಗೂಟವನ್ನು ನುಂಗುತ್ತದೆ, ಮಳೆಯಲ್ಲಿ ಬೆಣ್ಣೆಯಾಗಿ ಬಿಟ್ಟುಬಿಡುತ್ತದೆ. ಬಾದಾಮಿಯದು ಮರಳುಗಲ್ಲು, ನಾಲ್ಕು ಬೆರಳು ಮಣ್ಣಿನ ಕೆಳಗೆ ಬಂಡೆ ಸಿಕ್ಕರೆ ಗೂಟ ಇಳಿಯುವುದೇ ಇಲ್ಲ. ಆಗ ಹಗ್ಗವನ್ನು ತಲೆಗಾತ್ರದ ಕಲ್ಲಿಗೆ ಕಟ್ಟಿ, ಅದರ ಮುಂದೆ ಇನ್ನೊಂದು ದೊಡ್ಡ ಕಲ್ಲು ಒತ್ತಾಗಿ ಇಡಬೇಕು. ಹತ್ತಿ ಹಗ್ಗ, ಪುಂಡಿನಾರಿನ ಹಗ್ಗ ಇಬ್ಬನಿಗೆ ನೆನೆದರೆ ಕುಗ್ಗುತ್ತವೆ. ಮಲಗುವ ಮುನ್ನ ತುಸು ಸಡಿಲಿಸದಿದ್ದರೆ ಬೆಳಗಿನ ಜಾವಕ್ಕೆ ಗೂಟ ಕಿತ್ತು ಬರುತ್ತದೆ. ನೈಲಾನ್ ಇದಕ್ಕೆ ಉಲ್ಟಾ, ನೆನೆದರೆ ಜೋತುಬೀಳುತ್ತದೆ.

ಚಳಿ ಬರುವುದು ಮೇಲಿನಿಂದಲ್ಲ, ನೆಲದಿಂದ. ಹೊದೆಯಲು ಮೂರು ತಂದು ಹಾಸಲು ಒಂದು ಚಾದರ ತಂದವಳು ರಾತ್ರಿಯೆಲ್ಲ ನಡುಗುತ್ತಾಳೆ. ಕೆಳಗೆ ಪ್ಲಾಸ್ಟಿಕ್ ಹಾಳೆ, ಅದರ ಮೇಲೆ ಜಮಖಾನೆ, ಅದರ ಮೇಲೆ ಮಡಚಿದ ಕೌದಿ. ಹೊದೆಯಲು ಒಂದು ಕಂಬಳಿ. ಅಜ್ಜಿಯ ಕೌದಿ ಭಾರ ಅಂತ ಗೊಣಗಬೇಡ, ಹತ್ತಾರು ಪದರು ಹಳೆ ಸೀರೆಯ ನಡುವೆ ಸಿಕ್ಕ ಗಾಳಿಯೇ ಅದರ ಬಿಸುಪು. ಮಲಗುವಾಗ ಹಗಲೆಲ್ಲ ಬೆವರಿದ ಬಟ್ಟೆ ಬದಲಿಸಿ ಒಣ ಬಟ್ಟೆ ಹಾಕು.

ಈಗ ನಿನ್ನ ಪ್ರಶ್ನೆ. ಬಾದಾಮಿಯಂಥ ಕಲ್ಲುಗುಡ್ಡದಲ್ಲಿ ಗಮನಿಸಬೇಕಾದದ್ದು ಗರಗಸ ಮಂಡಲ. ಗೇಣುದ್ದ, ಎರಡು ಗೇಣುದ್ದ, ಮಣ್ಣಿನದೇ ಬಣ್ಣ, ಕಲ್ಲಿನ ಸಂದಿಯಲ್ಲಿ ಸುರುಳಿ ಸುತ್ತಿ ಕೂತಿರುತ್ತದೆ. ಮೈ ಉಜ್ಜಿ ಗರಗರ ಸದ್ದು ಮಾಡುತ್ತದೆ. ಹಾಗಾಗಿ ಕಣ್ಣಿಗೆ ಕಾಣದ ಸಂದಿಯಲ್ಲಿ ಕೈ ಇಡುವುದಿಲ್ಲ, ಕಲ್ಲನ್ನು ನಿನ್ನ ಕಡೆಗೆ ಎತ್ತುವುದಿಲ್ಲ. ಕೋಲಿನಿಂದ, ಆಚೆ ಬದಿಯಿಂದ ಎಬ್ಬಿಸುವುದು. ಕಟ್ಟಿಗೆ ಆರಿಸುವಾಗ ಮೊದಲು ಕಾಲಿನಿಂದ ಹೊರಳಿಸು, ಆಮೇಲೆ ಕೈ. ರಾತ್ರಿ ಟಾರ್ಚಿಲ್ಲದೆ ಒಂದು ಹೆಜ್ಜೆಯೂ ಬೇಡ. ಕಟ್ಟುಹಾವು ರಾತ್ರಿ ನೆಲದ ಮೇಲೆ ಮಲಗಿದವರನ್ನು ಕಚ್ಚುವಂಥದ್ದು. ಅದು ಕಚ್ಚಿದರೆ ನೋವೂ ಆಗದೆ ಇರಬಹುದು, ಗುರುತೂ ಕಾಣದೆ ಇರಬಹುದು. ಬೆಳಗ್ಗೆ ಯಾರಾದರೂ ಕಾರಣವಿಲ್ಲದೆ ಹೊಟ್ಟೆನೋವು ಅಂದರೆ, ರೆಪ್ಪೆ ಜೋತುಬಿದ್ದರೆ, ಮಾತು ತೊದಲಿದರೆ, "ನಾಟಕ ಮಾಡ್ತಾಳ" ಅನ್ನದೆ ಅಕ್ಕೋರಿಗೆ ಹೇಳು. ಡೇರೆಯ ಜಿಪ್ಪು ಸದಾ ಹಾಕಿರಬೇಕು, ಸೊಳ್ಳೆಪರದೆಯ ಅಂಚು ಹಾಸಿಗೆಯ ಅಡಿ ಸಿಗಿಸಿರಬೇಕು.

ಹಾವು ಕಚ್ಚಿದರೆ ಮಾಡುವುದು ಕಡಿಮೆ, ಮಾಡಬಾರದ್ದು ಜಾಸ್ತಿ. ಅವಳನ್ನು ಮಲಗಿಸಿ ಧೈರ್ಯ ಹೇಳಿ, ಬಳೆ ಉಂಗುರ ಕಾಲ್ಗೆಜ್ಜೆ ತೆಗೆದು, ಆ ಕೈಯನ್ನೋ ಕಾಲನ್ನೋ ಮೂಳೆ ಮುರಿದಾಗ ಮಾಡುವಂತೆ ಕೋಲು ಕಟ್ಟಿ ಅಲುಗದಂತೆ ಇಟ್ಟು, ಎತ್ತಿಕೊಂಡು ಆಸ್ಪತ್ರೆಗೆ. 108. ಬಿಗಿದು ಕಟ್ಟುವುದಿಲ್ಲ, ಕೊಯ್ಯುವುದಿಲ್ಲ, ಚೀಪುವುದಿಲ್ಲ, ಐಸ್ ಇಡುವುದಿಲ್ಲ, ಬೇರು ತಿನ್ನಿಸುವುದಿಲ್ಲ, ಹಾವು ಹಿಡಿಯಲು ಹೋಗುವುದಿಲ್ಲ. ಬಿಗಿದು ಕಟ್ಟಿದರೆ ವಿಷ ನಿಲ್ಲುತ್ತದೆ ಅಂತ ಊರ ತುಂಬ ನಂಬಿಕೆ. ರಕ್ತ ನಿಂತು ಕಾಲೇ ಕೊಳೆಯುವುದು ಅದರಿಂದ. ನಮ್ಮಲ್ಲಿ ಸಿಗುವ ಔಷಧಿ ನಾಗರಹಾವು, ಕಟ್ಟುಹಾವು, ಕೊಳಕುಮಂಡಲ, ಗರಗಸ ಮಂಡಲ ಈ ನಾಲ್ಕಕ್ಕೂ ಸೇರಿ ಒಂದೇ. ಹಾವಿನ ಹೆಸರು ಗೊತ್ತಿಲ್ಲವೆಂದು ಹೊತ್ತು ಕಳೆಯುವ ಕಾರಣವೇ ಇಲ್ಲ.

ಚೇಳಿಗೆ ಬೂಟು ಝಾಡಿಸುವುದೇ ಮದ್ದು, ಬೆಳಗ್ಗೆ ಹಾಕುವ ಮುನ್ನ ಎರಡೂ ಬೂಟು ತಲೆಕೆಳಗು ಮಾಡಿ ಬಡಿ. ಕೆಂಪು ಚೇಳು ಸಣ್ಣದು, ಆದರೆ ಕರಿಯದಕ್ಕಿಂತ ಅಪಾಯ. ಕುಟುಕಿದ ಮೇಲೆ ಬೆವರು, ವಾಂತಿ, ಕೈಕಾಲು ತಣ್ಣಗಾಗುವುದು ಕಂಡರೆ ಒಂದು ಗಳಿಗೆಯೂ ತಡಮಾಡದೆ ಆಸ್ಪತ್ರೆಗೆ. ನೋಟು ಪರೀಕ್ಷಿಸುವ ನೇರಳೆ ಟಾರ್ಚು ಯಾರ ಹತ್ತಿರವಾದರೂ ಇದ್ದರೆ ರಾತ್ರಿ ಡೇರೆಯ ಸುತ್ತ ಬಿಟ್ಟು ನೋಡಿ. ಚೇಳುಗಳೆಲ್ಲ ಹಸಿರು-ನೀಲಿಯಾಗಿ ಹೊಳೆಯುತ್ತವೆ. ಒಮ್ಮೆ ನೋಡಿದವರಿಗೆ ಚೇಳಿನ ಹೆದರಿಕೆ ಅರ್ಧ ಹೋಗಿ, ಅದರ ಜಾಗಕ್ಕೆ ಬೆರಗು ಬರುತ್ತದೆ.

ನಿಜ ಹೇಳಬೇಕೆಂದರೆ ಬಾದಾಮಿಯಲ್ಲಿ ಹಾವಿಗಿಂತ ಕಾಟ ಕೋತಿಯದು. ಕೈಯಲ್ಲಿ ಪ್ಲಾಸ್ಟಿಕ್ ಚೀಲ ಹಿಡಿದು ನಡೆದರೆ ಒಳಗೆ ಪುಸ್ತಕವಿದ್ದರೂ ಕಸಿಯುತ್ತವೆ. ತಿನಿಸೆಲ್ಲ ಕೊಂಡಿ ಹಾಕಿದ ಟ್ರಂಕಿನಲ್ಲಿರಲಿ, ಡೇರೆಯಲ್ಲಿ ಬಿಸ್ಕೀಟೂ ಬೇಡ. ಹಲ್ಲು ತೋರಿಸಿ ನಗಬೇಡ, ಅವಕ್ಕೆ ಅದು ಜಗಳದ ಸನ್ನೆ. ಪರಚಿದರೂ ಸರಿ, ಸೋಪು ಹಚ್ಚಿ ಹರಿಯುವ ನೀರಲ್ಲಿ 15 ನಿಮಿಷ ತೊಳೆದು ರೇಬೀಸ್ ಚುಚ್ಚುಮದ್ದಿಗೆ ಹೋಗಬೇಕು. ಬಂಡೆಯ ಕೊರಕಲಲ್ಲಿ ಹೆಜ್ಜೇನು ಕಂಡರೆ ಕೂಗಾಟ, ಹೊಗೆ, ಸೆಂಟು, ಕಲ್ಲು ಯಾವುದೂ ಬೇಡ. ಎದ್ದರೆ ಮುಖ ಮುಚ್ಚಿಕೊಂಡು ಓಡು, ಕೆರೆಗೆ ಹಾರಬೇಡ, ಅವು ಮೇಲೆಯೇ ಕಾಯುತ್ತವೆ.

ಒಲೆಯ ವಿಷಯಕ್ಕೆ ಬರುತ್ತೇನೆ. ಎರಡು ಕಡ್ಡಿಯಲ್ಲಿ ಒಲೆ ಹತ್ತಿಸಬೇಕು ಅನ್ನುತ್ತಾರೆ. ಹತ್ತದಿರಲು ಕಾರಣ ಯಾವಾಗಲೂ ಒಂದೇ, ಅವಸರ. ಕಡ್ಡಿ ಗೀರುವ ಮೊದಲೇ ಮೂರು ಗುಡ್ಡೆ ಸಿದ್ಧವಿರಬೇಕು: ಕೂದಲಿನಷ್ಟು ತೆಳ್ಳಗಿನದು, ಪೆನ್ಸಿಲ್ ದಪ್ಪದ್ದು, ಮಣಿಕಟ್ಟು ದಪ್ಪದ್ದು. ಮೊದಲನೆಯದಕ್ಕೆ ತೆಂಗಿನ ನಾರು ಅಥವಾ ಒಣ ಹುಲ್ಲು, ಎರಡು ಮುಷ್ಟಿ. ಎರಡನೆಯದಕ್ಕೆ ನಮ್ಮ ಹತ್ತಿಕಟಗಿ, ತೊಗರಿಕಟಗಿಗಿಂತ ಒಳ್ಳೆಯದು ಯಾವ ನಾಡಿನಲ್ಲೂ ಇಲ್ಲ. ಒಂದು ತೆಕ್ಕೆ ಬೇಕು. ಮುರಿದಾಗ ಟಪ್ ಅಂದರೆ ಒಣಗಿದೆ, ಬಾಗಿದರೆ ಹಸಿ. ಮೂರನೆಯದಕ್ಕೆ ಜಾಲಿ, ಕೆಂಡ ಬಹಳ ಹೊತ್ತು ನಿಲ್ಲುತ್ತದೆ. ಕಡ್ಡಿಯನ್ನು ಗಾಳಿ ಬರುವ ಕಡೆಯಿಂದ, ತಳದಲ್ಲಿ ಹಚ್ಚು. ಉರಿ ತಾನೇ ಮೇಲೇರುತ್ತದೆ. ಮೇಲೆ ಹಚ್ಚಿ ಕೆಳಗೆ ಇಳಿಯಲಿ ಅಂತ ಊದುತ್ತ ಕೂತವರ ಕಣ್ಣು ಕೆಂಪಾದದ್ದೇ ಬಂತು. ಕಣಗಲದ ಕೋಲನ್ನು ಉರಿಸಲೂ ಬೇಡ, ಸಾರು ತಿರುವಲೂ ಬೇಡ, ಅದು ವಿಷ. ಕಳ್ಳಿ ಮುರಿಯಬೇಡ, ಹಾಲು ಕಣ್ಣಿಗೆ ಸಿಡಿದರೆ ದೃಷ್ಟಿಗೇ ಅಪಾಯ. ಒಲೆಗೆ ಹಳ್ಳದ ಒದ್ದೆ ಕಲ್ಲು ತಂದರೆ ಒಳಗಿನ ನೀರು ಆವಿಯಾಗಿ ಕಲ್ಲು ಸಿಡಿಯುತ್ತದೆ. ಗುಹೆ, ಗುಡಿ, ಕೋಟೆಯ ಹತ್ತಿರ ಬೆಂಕಿಯ ಮಾತೇ ಇಲ್ಲ. ಬಾದಾಮಿಯ ಮೂರನೆಯ ಗುಹೆಯಲ್ಲಿ ಕ್ರಿ.ಶ. 578ರ ಶಾಸನವಿದೆ, ಅಷ್ಟು ವರ್ಷ ಉಳಿದ ಅಕ್ಷರಕ್ಕೆ ನಿಮ್ಮ ಖಿಚಡಿಯ ಹೊಗೆ ಹತ್ತಬಾರದು. ಆರಿಸುವಾಗ ನೀರು ಹಾಕಿ, ಕೋಲಿನಿಂದ ಕಲಕಿ, ಮತ್ತೆ ನೀರು ಹಾಕಿ, ಕೊನೆಗೆ ಅಂಗೈಯ ಹಿಂಬದಿ ಹತ್ತಿರ ಹಿಡಿದು ನೋಡು. ಬಿಸಿ ತಾಗಿದರೆ ಆರಿಲ್ಲ.

ಎಂಟು ಮಂದಿಯ ಖಿಚಡಿಗೆ ಅಕ್ಕಿ 800 ಗ್ರಾಂ, ಹೆಸರುಬೇಳೆ 300 ಗ್ರಾಂ, ನೀರು 4 ಲೀಟರ್, ಕನಿಷ್ಠ 8 ಲೀಟರ್ ಹಿಡಿಯುವ ಪಾತ್ರೆ. ನೀರು ಕುದಿಯುವ ತನಕ ದೊಡ್ಡ ಉರಿ, ಆಮೇಲೆ ಕಟ್ಟಿಗೆ ಎಳೆದು ಕೆಂಡದ ಮೇಲೆ ಬಿಡಬೇಕು. ತಳ ಹತ್ತುವುದು ಇಲ್ಲೇ; ಹುಡುಗಿಯರು ಹಸಿವಿಗೆ ಉರಿ ಏರಿಸುತ್ತಾರೆ, ಮೇಲೆ ಅಕ್ಕಿ ಹಸಿ, ಕೆಳಗೆ ಇದ್ದಿಲು. ಹತ್ತಿದ ವಾಸನೆ ಬಂದರೆ ಕಲಕಬೇಡ, ಮೇಲಿನದನ್ನು ಮೆಲ್ಲಗೆ ಬೇರೆ ಪಾತ್ರೆಗೆ ಬಗ್ಗಿಸು. ಉಪ್ಪು ಮೊದಲು ಎರಡು ದೊಡ್ಡ ಚಮಚ, ಉಳಿದದ್ದು ರುಚಿ ನೋಡಿ. ಒಲೆಗೆ ಇಡುವ ಮುನ್ನ ಪಾತ್ರೆಯ ಹೊರಗೆ ಒದ್ದೆ ಬೂದಿಯನ್ನೋ ಮಣ್ಣನ್ನೋ ಬಳಿ, ಮಸಿ ಅದರ ಜೊತೆಗೇ ಎದ್ದುಬರುತ್ತದೆ. ಪಾತ್ರೆ ತಿಕ್ಕುವ ಪಾಳಿ ನಿನಗೆ ಬಂದಾಗ ಈ ಮಾತಿನ ಬೆಲೆ ಗೊತ್ತಾಗುತ್ತದೆ.

ಕುಡಿಯುವ ನೀರು ತಲೆಗೆ ದಿನಕ್ಕೆ 3 ಲೀಟರ್, ಗುಡ್ಡ ಹತ್ತುವ ದಿನ 4. ಹೊಂಡದ ನೀರನ್ನು, ಅಗಸ್ತ್ಯ ತೀರ್ಥದ್ದನ್ನೂ ಸೇರಿಸಿ, ಹಾಗೇ ಕುಡಿಯುವಂತಿಲ್ಲ. ಹಳೆ ಹತ್ತಿ ಸೀರೆಯನ್ನು ನಾಲ್ಕು ಮಡಿಕೆ ಮಾಡಿ ಸೋಸಿ, ಕೊತಕೊತ ಕುದಿಬಂದ ಮೇಲೆ ಪೂರ್ತಿ ಒಂದು ನಿಮಿಷ ಕುದಿಸಿ ಆರಿಸಬೇಕು. ಭೇದಿ ಶುರುವಾದರೆ ಒಂದು ಲೀಟರ್ ಕುದಿಸಿ ಆರಿದ ನೀರಿಗೆ ಮಟ್ಟಸವಾದ 6 ಚಹಾ ಚಮಚ ಸಕ್ಕರೆ, ಅರ್ಧ ಚಮಚ ಉಪ್ಪು. ಉಪ್ಪು ಹೆಚ್ಚಾದರೆ ಮದ್ದೇ ಕೆಡಕು. ಕಣ್ಣೀರಿಗಿಂತ ಉಪ್ಪಾಗಿದ್ದರೆ ಚೆಲ್ಲಿ ಹೊಸದು ಮಾಡು.

ಅವ್ವನಾದವಳು ಬರೆಯಲೇಬೇಕಾದದ್ದು ಒಂದಿದೆ. ತಿಂಗಳ ಲೆಕ್ಕ ನೋಡಿಕೊ, ದಿನ ಅಲ್ಲದಿದ್ದರೂ ಪ್ಯಾಡ್ ಒಯ್ಯಿ, ಹೊಸ ಜಾಗ ಓಡಾಟಕ್ಕೆ ಬೇಗ ಬರುವುದುಂಟು. ಬಳಸಿದ್ದನ್ನು ಹೂಳಬೇಡ, ನಾಯಿ ಕೆದರುತ್ತವೆ, ಅದರ ಪ್ಲಾಸ್ಟಿಕ್ಕೂ ಕೊಳೆಯುವುದಿಲ್ಲ. ಕಾಗದದಲ್ಲಿ ಸುತ್ತಿ ಬೇರೆ ಚೀಲದಲ್ಲಿಟ್ಟು, ಊರಿಗೆ ಬಂದು ಕಸಕ್ಕೆ ಹಾಕು. ಸಂಡಾಸಿಲ್ಲದ ಕಡೆ ನೀರಿನಿಂದ ನೂರು ಹೆಜ್ಜೆ ದೂರ, ಒಂದು ಗೇಣು ಆಳದ ಗುಂಡಿ, ಆಮೇಲೆ ಮಣ್ಣು. ನಾಚಿಕೆಗೆ ನೀರು ಕಡಿಮೆ ಕುಡಿಯುವ ಹುಡುಗಿಯರಿದ್ದಾರೆ. ತಲೆಸುತ್ತು ಬಂದು ಬೀಳುವವರೂ ಅವರೇ.

ಅಜ್ಜಿ ಕೇಳಿದಳು, "ಹುಡುಗೀರಿಗೆ ಇದೆಲ್ಲ ಯಾಕ ಬೇಕಾಗಿತ್ತ" ಅಂತ. ಸ್ಕೌಟ್ಸ್ ಹುಟ್ಟುಹಾಕಿದ ಬೇಡನ್‌ಪೊವೆಲ್ 1907ರಲ್ಲಿ ಇಂಗ್ಲೆಂಡಿನ ಬ್ರೌನ್‌ಸೀ ದ್ವೀಪದಲ್ಲಿ ಮೊದಲ ಕ್ಯಾಂಪು ಮಾಡಿದ್ದು ಗಂಡುಹುಡುಗರಿಗೇ. ಎರಡೇ ವರ್ಷಕ್ಕೆ, 1909ರಲ್ಲಿ, ಲಂಡನ್ನಿನ ಕ್ರಿಸ್ಟಲ್ ಪ್ಯಾಲೆಸ್‌ನಲ್ಲಿ ನಡೆದ ಸ್ಕೌಟ್ ಮೇಳಕ್ಕೆ ಹುಡುಗಿಯರು ಕರೆಯದೇ ಬಂದು, ನಾವೂ ಸ್ಕೌಟ್ಸೇ ಅಂದರು. ಮರುವರ್ಷ ಅವರಿಗೆಂದೇ ಗೈಡ್ಸ್ ಶುರುವಾಯಿತು, ನಡೆಸಿದವಳು ಅವನ ತಂಗಿ ಆಗ್ನೆಸ್. ನಮ್ಮಲ್ಲಿ ಭಾರತ್ ಸ್ಕೌಟ್ಸ್ ಮತ್ತು ಗೈಡ್ಸ್ ಒಂದಾಗಿ ಬಂದದ್ದು 1950ರ ನವೆಂಬರ್ 7ಕ್ಕೆ, ಹುಡುಗಿಯರ ಗೈಡ್ಸ್ ಸಂಘ ಅದರಲ್ಲಿ ಅಧಿಕೃತವಾಗಿ ಸೇರಿದ್ದು ಮರುವರ್ಷದ ಆಗಸ್ಟ್ 15ಕ್ಕೆ. ಅಜ್ಜಿಗೆ ಇಷ್ಟು ಹೇಳಿದೆ. "ಕರೀದೇ ಹೋದ್ರಾ?" ಅಂತ ನಕ್ಕು ಕೌದಿ ತೆಗೆದುಕೊಟ್ಟಳು.

ದಿಕ್ಕು ಹಿಡಿಯುವುದನ್ನು ಚೆನ್ನಾಗಿ ಕಲಿ, ಏಕೆಂದರೆ ಪುಸ್ತಕಗಳು ಇಲ್ಲಿ ಅರ್ಧ ತಪ್ಪು. ಕೋಲಿನ ಮಧ್ಯಾಹ್ನದ ನೆರಳು ಉತ್ತರ ತೋರಿಸುತ್ತದೆ ಅಂತ ಬರೆದಿರುತ್ತಾರೆ. ಬಾದಾಮಿ ಇರುವುದು ಸುಮಾರು 16 ಡಿಗ್ರಿ ಅಕ್ಷಾಂಶದಲ್ಲಿ. ಮೇ ಮೊದಲ ವಾರದಿಂದ ಆಗಸ್ಟ್ ಎರಡನೇ ವಾರದವರೆಗೆ ನಡುಹಗಲಿನ ಸೂರ್ಯ ನಮ್ಮ ನೆತ್ತಿ ದಾಟಿ ಉತ್ತರಕ್ಕಿರುತ್ತಾನೆ, ನೆರಳು ದಕ್ಷಿಣಕ್ಕೆ ಬೀಳುತ್ತದೆ. ಡಿಸೆಂಬರಿನಲ್ಲಿ ಆ ತೊಂದರೆ ಇಲ್ಲ, ಆದರೆ ಇನ್ನೊಂದಿದೆ: ಗಡಿಯಾರದ 12 ಗಂಟೆಗೆ ನಮ್ಮಲ್ಲಿ ನಡುಹಗಲಾಗುವುದಿಲ್ಲ. ದೇಶದ ಗಡಿಯಾರ 82.5 ಡಿಗ್ರಿ ರೇಖಾಂಶದ್ದು, ನಾವು ಅದಕ್ಕಿಂತ ಪಶ್ಚಿಮಕ್ಕೆ. ನಿಮ್ಮ ಕ್ಯಾಂಪಿನ ದಿನಗಳಲ್ಲಿ ನೆರಳು ಅತಿ ಗಿಡ್ಡವಾಗುವುದು ಸುಮಾರು 12 ಗಂಟೆ 20 ನಿಮಿಷಕ್ಕೆ. ಒಂದು ಮೀಟರಿನ ಕೋಲು ನೆಟ್ಟು ನೋಡಿ, ನೆರಳು 80 ಸೆಂಟಿಮೀಟರ್ ಆಸುಪಾಸು ಬಂದರೆ ಕೋಲು ನೆಟ್ಟಗಿದೆ ಅಂತ ಲೆಕ್ಕ. ಬೇರೆ ಹೊತ್ತಿನಲ್ಲಾದರೆ ನೆರಳಿನ ತುದಿಗೆ ಒಂದು ಕಲ್ಲು ಇಟ್ಟು, 20 ನಿಮಿಷ ಬಿಟ್ಟು ಹೊಸ ತುದಿಗೆ ಇನ್ನೊಂದು ಇಡು. ಮೊದಲಿನ ಕಲ್ಲು ಪಶ್ಚಿಮ, ಎರಡನೆಯದು ಪೂರ್ವ, ಅಂದಾಜಿಗೆ ಸಾಕು.

ನೆರಳಿನಿಂದ ಎತ್ತರ ಅಳೆಯುವುದನ್ನು ಕಲಿಸಿರುತ್ತಾರೆ. ಹಾಸ್ಟೆಲ್ಲಿನ ಪಕ್ಕವೇ ಇದೆಯೆಂದು ಗೋಳಗುಮ್ಮಟದ ಮೇಲೆ ಪ್ರಯೋಗ ಮಾಡಿದರೆ 51 ಮೀಟರ್ ಬರುವುದಿಲ್ಲ. ನೆರಳನ್ನು ಗೋಡೆಯಿಂದ ಅಳೆದರೆ ತಪ್ಪು, ಗುಮ್ಮಟದ ನಡುಬಿಂದುವಿನಿಂದ ಅಳೆಯಬೇಕು. ಸಾಲದ್ದಕ್ಕೆ ನೆರಳಿನ ಅಂಚು ಬೀಳುವುದು ಗುಮ್ಮಟದ ನೆತ್ತಿಯಿಂದಲ್ಲ, ಅದರ ಹೆಗಲಿನಿಂದ. ಧ್ವಜಕಂಬಕ್ಕೋ ಬೇವಿನ ಮರಕ್ಕೋ ಮಾಡು, ಲೆಕ್ಕ ಕೂಡುತ್ತದೆ.

ರಾತ್ರಿಯ ಮಾತು ಬೇರೆ. ಧ್ರುವನಕ್ಷತ್ರ ನಮ್ಮಲ್ಲಿ ಬಹಳ ತಗ್ಗು. ಕೈ ಪೂರ್ತಿ ಚಾಚಿ ಮುಷ್ಟಿ ಹಿಡಿದರೆ ಆ ಮುಷ್ಟಿ ಸುಮಾರು 10 ಡಿಗ್ರಿ. ನೆಲದಂಚಿನಿಂದ ಒಂದೂವರೆ ಮುಷ್ಟಿಯ ಮೇಲೆ ಅದು ಇರುತ್ತದೆ, ಉತ್ತರಕ್ಕೆ ಗುಡ್ಡವಿದ್ದರೆ ಕಾಣುವುದೇ ಇಲ್ಲ. ಸಪ್ತರ್ಷಿ ಮಂಡಲದಿಂದ ಹುಡುಕು ಅನ್ನುತ್ತಾರೆ, ಡಿಸೆಂಬರಿನಲ್ಲಿ ಅದು ಪೂರ್ತಿ ಮೇಲೇಳುವುದು ನಡುರಾತ್ರಿ ದಾಟಿದ ಮೇಲೆ. ಊಟದ ಹೊತ್ತಿಗೆ ಉತ್ತರಕ್ಕೆ ಮುಖ ಮಾಡಿ ನಿಂತು ನಾಲ್ಕೂವರೆ ಮುಷ್ಟಿ ಎತ್ತರ ನೋಡು. ಐದು ಚುಕ್ಕಿಗಳ ಅಂಕುಡೊಂಕು ಗೆರೆ ಕಾಣುತ್ತದೆ, ಅದು ಕ್ಯಾಸಿಯೋಪಿಯ. ಅದರ ನೇರ ಕೆಳಗೆ ಮೂರು ಮುಷ್ಟಿ ಇಳಿದರೆ ಧ್ರುವ. ಅದೇ ಹೊತ್ತಿಗೆ ಪೂರ್ವದಲ್ಲಿ ಒಂದೇ ಸಾಲಿನ ಮೂರು ಚುಕ್ಕಿ ಏಳುತ್ತವೆ, ಮಹಾವ್ಯಾಧ (ಓರಿಯನ್) ನಕ್ಷತ್ರಪುಂಜದ ನಡುಪಟ್ಟಿ. ಅವು ಹುಟ್ಟುವುದು ಬಹುಪಾಲು ಕರಾರುವಾಕ್ಕಾಗಿ ಪೂರ್ವದಲ್ಲಿ, ಮುಳುಗುವುದು ಪಶ್ಚಿಮದಲ್ಲಿ. ಗುಡ್ಡ ಅಡ್ಡಬಂದ ರಾತ್ರಿ ಇದೇ ದಿಕ್ಸೂಚಿ.

ನಿಮ್ಮದು ಡಿಸೆಂಬರ್ 13ರ ರಾತ್ರಿಯೂ ಅಲ್ಲೇ ಇದೆಯಲ್ಲ, ಅದು ಮಿಥುನ ರಾಶಿಯ ಉಲ್ಕೆಗಳು ಹೆಚ್ಚು ಬೀಳುವ ರಾತ್ರಿ. ಹತ್ತು ಗಂಟೆಯ ಮೇಲೆ ಅಕ್ಕೋರ ಒಪ್ಪಿಗೆ ಕೇಳಿ ಕೌದಿ ಹಾಸಿಕೊಂಡು ಬಯಲಲ್ಲಿ ಮಲಗಿ. ಕಣ್ಣು ಕತ್ತಲಿಗೆ ಹೊಂದಲು 20ರಿಂದ 30 ನಿಮಿಷ ಬೇಕು, ಒಬ್ಬಳು ಮೊಬೈಲ್ ತೆಗೆದರೆ ಎಲ್ಲರದೂ ಮತ್ತೆ ಮೊದಲಿನಿಂದ. ಟಾರ್ಚಿಗೆ ಕೆಂಪು ಹಾಳೆ ಸುತ್ತಿ. ಒಂದೇ ಕಡೆ ದಿಟ್ಟಿಸಬೇಡಿ, ಆಕಾಶ ಪೂರ್ತಿ ಕಾಣುವಂತೆ ಸುಮ್ಮನೆ ಮಲಗಿರಿ. ಚಂದ್ರ ದೊಡ್ಡದಿದ್ದರೆ ಸಣ್ಣವು ಕಾಣುವುದಿಲ್ಲ, ದೊಡ್ಡವು ಕಂಡೇ ಕಾಣುತ್ತವೆ.

ಬೆಳಗ್ಗೆ ಉಳಿದವರು ಏಳುವ ಮುನ್ನ ಅರ್ಧ ತಾಸು ಒಂದೇ ಕಲ್ಲಿನ ಮೇಲೆ ಅಲುಗಾಡದೆ ಕೂತು ನೋಡು, ಡೇರೆ ಕಾಣುವಷ್ಟು ಹತ್ತಿರವೇ. ಮೊದಲ ಹತ್ತು ನಿಮಿಷ ಏನೂ ಬರುವುದಿಲ್ಲ, ನೀನು ಬಂದದ್ದು ಅವಕ್ಕೆಲ್ಲ ಗೊತ್ತು. ಆಮೇಲೆ ಗೌಜಲಕ್ಕಿ ಕೂಗುತ್ತದೆ, ಮುಂಗುಸಿ ದಾಟುತ್ತದೆ. ಮರಳಿನಲ್ಲಿ ಹೆಜ್ಜೆ ಕಂಡರೆ ಉಗುರಿನ ಗುರುತಿದೆಯೇ ನೋಡು: ಇದ್ದರೆ ನಾಯಿ, ನರಿ, ತೋಳದ ಬಳಗ, ಇಲ್ಲದಿದ್ದರೆ ಬೆಕ್ಕಿನ ಬಳಗ. ಪಕ್ಕದಲ್ಲಿ ಪೆನ್ಸಿಲ್ ಇಟ್ಟು, ಅದರ ಅಳತೆಗೆ ವಹಿಯಲ್ಲಿ ಚಿತ್ರ ಬರೆದುಕೊ. ಫೋಟೋ ತೆಗೆದವರು ಮರೆಯುತ್ತಾರೆ, ಚಿತ್ರ ಬರೆದವರು ಎಷ್ಟು ಬೆರಳಿತ್ತು ಅಂತ ಹೇಳುತ್ತಾರೆ. ಈ ವಹಿ ತುಂಬುತ್ತ ಬಂದರೆ ಬೇಸಿಗೆ ರಜೆಗೆ ಬೀಳಗಿ-ಮುಧೋಳದ ನಡುವಿನ ಯಡಹಳ್ಳಿಗೆ ಹೋಗೋಣ, ಚಿಂಕಾರ ಅನ್ನುವ ಹುಲ್ಲೆಗಳಿಗೆಂದೇ ಕಾದಿಟ್ಟ ಕಾಡು ಅದು. ಅರಣ್ಯ ಇಲಾಖೆಯ ಒಪ್ಪಿಗೆ ನಾನು ಕೇಳಿಡುತ್ತೇನೆ.

ಕೌದಿ, ಕಂಬಳಿ, 3 ಮೀಟರ್ ಹಗ್ಗ, ನಲವತ್ತು ಖಡಕ್ ರೊಟ್ಟಿ, ಶೇಂಗಾ ಹಿಂಡಿ, ಗುರೆಳ್ಳು ಹಿಂಡಿ ಗಂಟು ಕಟ್ಟಿಟ್ಟಿದ್ದೇನೆ. ನಿಮ್ಮ ರೈಲು ಬಾಗಲಕೋಟೆ ಸ್ಟೇಷನ್ನಿನಲ್ಲಿ ನಿಂತಾಗ ಅಪ್ಪ ತಂದುಕೊಡುತ್ತಾರೆ, ಬಾಗಿಲ ಹತ್ತಿರ ನಿಂತಿರು, ಕೆಳಗೆ ಇಳಿಯಬೇಡ. ರೊಟ್ಟಿ ಮೆತ್ತಗಾಗಬಾರದೆಂದರೆ ಪ್ಲಾಸ್ಟಿಕ್ಕಿನಿಂದ ತೆಗೆದು ಬಟ್ಟೆಯಲ್ಲಿ ಸುತ್ತಿಡು. ಹಿಂಡಿಯ ಸ್ಟೀಲ್ ಡಬ್ಬಿ ಅಜ್ಜಿಯದು, ಮುಚ್ಚಳದ ಸಮೇತ ವಾಪಸ್ ಬರಬೇಕು.

ನಿನ್ನ
ಅವ್ವ